ಅಜ್ಜನ ರೈಫಲ್ ಎಷ್ಟಕ್ಕ ಹೋಗತೈತಿ?

ಹೋದ ಎಪಿಸೋಡ್‌ನಲ್ಲಿ ಅಜ್ಜಿ ಕಾಲದ ಬಂಗಾರ ಮುರಿಸಬೇಕೋ ಬೇಡವೋ ಅಂತ ಮಾತಾಡಿದ್ದೆ. ಅದನ್ನು ಕೇಳಿ ಬಂದ ವಾಯ್ಸ್ ಮೆಸೇಜ್‌ಗಳಲ್ಲಿ ಒಂದು ಖಾನಾಪುರ ತಾಲ್ಲೂಕಿನದು. ಹುಡುಗ ಕೇಳ್ತಾನೆ: "ಅಣ್ಣಾ, ನಮ್ಮ ಮನ್ಯಾಗ ಅಜ್ಜಂದು ಒಂದು ಬ್ಯಾಟಿ ಬಂದೂಕು ಐತಿ, ಇಂಗ್ಲೆಂಡಿಂದು. ಯೂಟ್ಯೂಬ್‌ನ್ಯಾಗ ಇಂಥಾವು ಕೋಟಿಗಟ್ಲೆ ಹೋಗ್ತಾವು ಅಂತಾರ. ನಮ್ದು ಎಷ್ಟಕ್ಕ ಹೋಗತೈತಿ?"

ನನಗೆ ನಗು ಬಂತು. ಯಾಕಂದ್ರ ಇದೇ ಪ್ರಶ್ನೆಯನ್ನ ಹೋದ ದಸರಾಕ್ಕ ನಮ್ಮ ಮನೆಯಲ್ಲೂ ಕೇಳಿದ್ರು. ಉತ್ತರ ಹುಡುಕ್ತಾ ಹೋದಾಗ ಗೊತ್ತಾಗಿದ್ದು ಏನಂದ್ರ, ನಾವು ಬೆಲೆ ಕೇಳೋ ಹೊತ್ತಿಗೆ ಅದರ ಬೆಲೆಯನ್ನ ನಾವೇ ಅರ್ಧ ಕಳೆದಾಗಿತ್ತು. ಇವತ್ತು ಆ ಕತೆ.

ಅವ್ವನ ತವರು ಜಾಂಬೋಟಿ ಕಡೆ. ಮಳೆಗಾಲದಲ್ಲಿ ಆ ಕಡೆ ಹೋದವರಿಗೆ ಗೊತ್ತು, ಮಲಪ್ರಭಾ ಹುಟ್ಟೋ ಕಣಕುಂಬಿ ಹತ್ತಿರದಲ್ಲೇ ಇದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಹಾಸಿಗೆ ಕೂಡ ಒಣಗೂದಿಲ್ಲ. ಅಲ್ಲಿ ನಮ್ಮ ಅಜ್ಜನ ಹತ್ತಿರ ಒಂದು ರೈಫಲ್ ಇತ್ತು. ಬಿಎಸ್‌ಎ ಕಂಪನಿಯದು, ಪಾಯಿಂಟ್ 315. ಬಿಎಸ್‌ಎ ಅಂದ ಕೂಡಲೇ ನಿಮಗೆ ಸೈಕಲ್ ನೆನಪಾಗಿರಬೇಕು. ಹೌದು, ಹೆಸರು ಅದೇ. ಪೂರ್ತಿ ಹೆಸರು ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್. 1861ರಲ್ಲಿ ಬಂದೂಕು ಮಾಡೋರೆಲ್ಲ ಸೇರಿ ಕಟ್ಟಿದ ಕಂಪನಿ, ಸೈಕಲ್, ಮೋಟರ್‌ಸೈಕಲ್ ಎಲ್ಲ ಆಮೇಲೆ ಬಂದಿದ್ದು. ಅವರ ಗುರುತು ನೋಡ್ರಿ, ಮೂರು ಬಂದೂಕು ಒಂದಕ್ಕೊಂದು ಆನಿಸಿ ನಿಲ್ಲಿಸಿದ ಚಿತ್ರ.

ಅಜ್ಜ ಅದನ್ನ 1955ರಲ್ಲಿ ಲೋಂಡಾದ ಒಬ್ಬ ಕಟ್ಟಿಗೆ ಕಾಂಟ್ರ್ಯಾಕ್ಟರ್ ಕಡೆಯಿಂದ ಸೆಕೆಂಡ್ ಹ್ಯಾಂಡ್ ತಗೊಂಡಿದ್ದ. ಮೊದಲ ಲೈಸೆನ್ಸ್ ಕಾಗದ ಇನ್ನೂ ಇದೆ. ಮೇಲೆ ಮುಂಬಯಿ ಸರ್ಕಾರ ಅಂತ ಇದೆ, ಯಾಕಂದ್ರೆ 1956ರ ನವೆಂಬರ್ 1ರ ತನಕ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಕೊಟ್ಟಿದ್ದು ಬ್ರಿಟಿಷರ 1878ರ ಆಯುಧ ಕಾಯ್ದೆಯ ಅಡಿಯಲ್ಲಿ. ಈಗಿರೋ ಕಾಯ್ದೆ 1959ರದ್ದು. ಈ ಕಾಗದವನ್ನ ನಾನು ಮೊದಲು ಸಲ ನೋಡಿದಾಗ "ಹಳೇ ರದ್ದಿ" ಅಂತ ಬದಿಗಿಟ್ಟಿದ್ದೆ. ನೆನಪಿಟ್ಟುಕೊಳ್ರಿ, ಅದರ ಹತ್ತಿರ ಮತ್ತೆ ಬರ್ತೀನಿ.

ಮುಚ್ಚಿಡೋದು ಏನಿಲ್ಲ, ಅಜ್ಜ ಬೇಟೆ ಆಡ್ತಿದ್ದ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಅದು ಮುಗೀತು. ಈಗ ಆ ಭಾಗದ ಕಾಡು ಭೀಮಗಡ ಅಭಯಾರಣ್ಯ. ಆದರೂ ಅಜ್ಜ ರೈಫಲ್ ಬಿಡಲಿಲ್ಲ. ಲೈಸೆನ್ಸ್ ರಿನ್ಯೂ ಮಾಡ್ಸೋದು, ಎಲೆಕ್ಷನ್ ಬಂದಾಗ ಸ್ಟೇಷನ್‌ಗೆ ಜಮಾ ಮಾಡೋದು, ಮುಗಿದ ಮೇಲೆ ತರೋದು, ತಂದ ದಿನವೇ ಅಂಗಳದಲ್ಲಿ ಚಾಪೆ ಹಾಸಿ ಬಿಚ್ಚಿ ಒರೆಸೋದು. ಅವ್ವ ಚಿಕ್ಕವಳಿದ್ದಾಗ ಗುಂಡು ಹಾರಿಸಿದ ರಾತ್ರಿ ಅಜ್ಜ ಮನೆಗೆ ಬಂದವನೇ "ನೀರ ಕಾಸ್ರಿ" ಅಂತಿದ್ನಂತೆ. ಸ್ನಾನಕ್ಕಲ್ಲ. ಕುದಿಯೋ ನೀರನ್ನ ಕಿಟ್ಲಿಯಿಂದ ನಳಿಗೆಯೊಳಗೆ ಸುರಿದು, ಒಣಗಿಸಿ, ಎಣ್ಣೆ ಬಟ್ಟೆ ಎಳೀತಿದ್ದ. ಅಜ್ಜಿ ಬೈತಿದ್ಲಂತೆ, "ನನಗೊಂದು ಕಪ್ ಚಾಕ್ಕ ನೀರ ಕಾಸಿಲ್ಲ, ಬಂದೂಕಿಗೆ ಕಾಸ್ತಾನ" ಅಂತ.

ಇದು ಅಜ್ಜನ ಹುಚ್ಚಲ್ಲ. ಹಳೇ ಕಾಡತೂಸುಗಳ ಕ್ಯಾಪ್‌ನಲ್ಲಿ ಪೊಟ್ಯಾಸಿಯಮ್ ಕ್ಲೋರೇಟ್ ಇರ್ತಿತ್ತು. ಅದು ಉರಿದ ಮೇಲೆ ನಳಿಗೆಯೊಳಗೆ ಉಳಿಯೋದು ಒಂದು ಥರದ ಉಪ್ಪು. ಉಪ್ಪಿನ ಡಬ್ಬಿ ಮಳೆಗಾಲದಲ್ಲಿ ಹೇಗೆ ನೀರು ಬಿಡುತ್ತೋ ಇದೂ ಹಾಗೇ ಗಾಳಿಯ ತೇವ ಎಳೆದುಕೊಂಡು ಉಕ್ಕನ್ನ ತಿನ್ನುತ್ತೆ. ಉಪ್ಪು ಎಣ್ಣೆಯಲ್ಲಿ ಕರಗೂದಿಲ್ಲ, ನೀರಿನಲ್ಲೇ ಕರಗಬೇಕು. ಬಿಸಿನೀರಾದ್ರೆ ತೊಳೆಯೋದೂ ಆಯ್ತು, ಲೋಹ ಬಿಸಿಯಾಗಿ ಬೇಗ ಒಣಗೋದೂ ಆಯ್ತು. ಕೆಮಿಸ್ಟ್ರಿ ಓದದ ಮನುಷ್ಯ ಸುಮಾರು 70 ವರ್ಷ ಆ ನಳಿಗೆಯನ್ನ ಕನ್ನಡಿ ಹಾಗೆ ಇಟ್ಟಿದ್ದ.

ಹೋದ ವರ್ಷ ಜೂನ್‌ನಲ್ಲಿ ಅಜ್ಜ ತೀರಿಕೊಂಡ. ದಿನ, ಕರ್ಮ, ಬಂದವರು ಹೋದವರು. ರೈಫಲ್ ನೆನಪು ಯಾರಿಗೂ ಇಲ್ಲ. ದೊಡ್ಡ ಮಾಮಾ ಅದನ್ನ ಜೋಪಾನವಾಗಿರಲಿ ಅಂತ ಹಳೇ ತೊಗಲಿನ ಚೀಲದಲ್ಲಿ ಹಾಕಿ ಅಟ್ಟದ ಮೇಲೆ ಇಟ್ಟಿದ್ದ. ದಸರಾದಲ್ಲಿ ಖಂಡೆ ಪೂಜೆಗೆ ಕೆಳಗಿಳಿಸಿದ್ವಿ. ಚೀಲದ ಜಿಪ್ ತೆಗೆದ್ರೆ ಬೂಸ್ಟಿನ ವಾಸನೆ. ನಳಿಗೆಯ ಒಂದು ಪಕ್ಕ ಪೂರ್ತಿ ಕೆಂಪು. ಬರೀ ಮೇಲ್ಮೇಲಿನ ಜಂಗಲ್ಲ, ಒರೆಸಿದಾಗ ಕೆಳಗೆ ಸಣ್ಣ ಸಣ್ಣ ಗುಳಿ. ಅಜ್ಜ 70 ವರ್ಷ ಬರದಂತೆ ನೋಡಿಕೊಂಡದ್ದು 4 ತಿಂಗಳಲ್ಲಿ ಬಂದಿತ್ತು.

ತೊಗಲು ನೋಡೋಕೆ ರಾಜಾ ಥರ ಇರುತ್ತೆ. ಆದ್ರೆ ಹದ ಮಾಡುವಾಗಿನ ಆಮ್ಲ, ಉಪ್ಪು ಅದರಲ್ಲಿ ಉಳಿದಿರುತ್ತೆ, ಮೇಲೆ ತೇವವನ್ನೂ ಹಿಡ್ಕೊಳ್ಳುತ್ತೆ. ಚೀಲ ಇರೋದು ಒಯ್ಯೋಕೆ, ಇಡೋಕಲ್ಲ.

ಆವತ್ತು ಸಂಜೆ ಚಾ ಕುಡೀತಾ ಸಣ್ಣ ಮಾಮಾ ಕೇಳಿದ, "ಎಷ್ಟಕ್ಕ ಹೋಗತೈತಿ ಇದು?" ಅದಕ್ಕಿಂತ ಮೊದಲಿನ ಪ್ರಶ್ನೆಯನ್ನ ಯಾರೂ ಕೇಳಿರಲಿಲ್ಲ: ಇದು ಈಗ ಯಾರದು?

ಇಲ್ಲಿ ಸ್ವಲ್ಪ ಲಕ್ಷ್ಯ ಕೊಟ್ಟು ಕೇಳ್ರಿ. ಹೊಲ, ಮನೆ ಹಾಗಲ್ಲ ಬಂದೂಕು. ಲೈಸೆನ್ಸ್ ಮನುಷ್ಯನ ಹೆಸರಿಗೆ ಇರೋದು, ಮನೆತನದ ಹೆಸರಿಗಲ್ಲ. ಅವರು ತೀರಿದ ದಿನದಿಂದ ಆ ಬಂದೂಕು ಮನೆಯಲ್ಲಿರೋದಕ್ಕೆ ಆಧಾರ ಇಲ್ಲ. ಕಾಯ್ದೆಯ 21ನೇ ಕಲಮು ಹೇಳೋದು, ತಡ ಮಾಡದೆ ಪೊಲೀಸ್ ಸ್ಟೇಷನ್‌ನಲ್ಲೋ ಲೈಸೆನ್ಸ್ ಇರೋ ಡೀಲರ್ ಹತ್ತಿರವೋ ಜಮಾ ಮಾಡಬೇಕು. ವಾರಸುದಾರರು ನಿಗದಿ ಅವಧಿಯೊಳಗೆ ತಮ್ಮ ಹೆಸರಿಗೆ ಲೈಸೆನ್ಸ್ ಮಾಡಿಸಿಕೊಳ್ಳಬಹುದು ಅಥವಾ ಮಾರಬಹುದು. ಎರಡೂ ಮಾಡದಿದ್ದರೆ ಸರ್ಕಾರದ ಪಾಲು. ಜಮಾ ಮಾಡದೆ ಅಟ್ಟದ ಮೇಲೆ ಇಟ್ಟುಕೊಂಡ್ರೆ? ಲೈಸೆನ್ಸ್ ಇಲ್ಲದ ಬಂದೂಕಿಗೆ 2019ರ ತಿದ್ದುಪಡಿ ಆದ ಮೇಲೆ 2ರಿಂದ 5 ವರ್ಷ ಜೈಲು. "ನಮ್ಮ ಅಜ್ಜಂದು ಸರ್" ಅನ್ನೋದು ಕಾನೂನಿನಲ್ಲಿ ಉತ್ತರ ಅಲ್ಲ.

ನಾವು ಮರುದಿನವೇ ಹೋದ್ವಿ. ಬೈಸಿಕೊಂಡ್ವಿ, ಸರಿಯಾಗೇ ಬೈಸಿಕೊಂಡ್ವಿ. ಕೊನೆಗೆ ಬೆಳಗಾವಿ ಸಿಟಿಯ ಒಬ್ಬ ಡೀಲರ್ ಹತ್ತಿರ ಜಮಾ ಆಯ್ತು. ತಿಂಗಳಿಗೆ ಇಷ್ಟು ಅಂತ ಅವರು ಬಾಡಿಗೆ ತಗೋತಾರೆ. ಕೊಡಲಿ ಅನ್ನೋದೇ ನನ್ನ ಮಾತು, ಯಾಕಂದ್ರ ಸ್ಟೇಷನ್‌ನ ಕೋಣೆಯಲ್ಲಿ ನೂರು ಬಂದೂಕಿನ ನಡುವೆ ನಿಮ್ಮದಕ್ಕೆ ಎಣ್ಣೆ ಹಚ್ಚೋದು ಯಾರ ಕೆಲಸವೂ ಅಲ್ಲ. ಎಲ್ಲೇ ಕೊಟ್ರೂ ಕೊಡೋ ಮುಂಚೆ ಎಲ್ಲಾ ಬದಿಯಿಂದ ಫೋಟೋ ತಗೊಳ್ರಿ, ನಂಬರ್ ಕಾಣೋ ಹಾಗೆ. ರಸೀದಿಯಲ್ಲಿ ನಂಬರ್ ಸರಿ ಬರೆದಿದಾರಾ ನೋಡ್ರಿ. ಎಲೆಕ್ಷನ್ ಜಮಾಕ್ಕೂ ಇದೇ ಮಾತು.

ಈಗ ನನ್ನ ಹೊಟ್ಟೆ ಉರಿಸೋ ವಿಷಯ. 2016ರ ಆಯುಧ ನಿಯಮಗಳಲ್ಲಿ ಒಂದು ದಾರಿ ಇದೆ. ಲೈಸೆನ್ಸ್ ಇದ್ದವರಿಗೆ 70 ವರ್ಷ ತುಂಬಿದ್ರೆ, ಇಲ್ಲಾ ಆ ಬಂದೂಕು ಅವರ ಹತ್ತಿರ 25 ವರ್ಷ ಇದ್ರೆ, ಯಾವುದು ಮೊದಲೋ ಅದು, ಅವರು ಬದುಕಿರುವಾಗಲೇ ತಾವು ಹೇಳಿದ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೊಡಿಸಬಹುದು. ನಮ್ಮ ಅಜ್ಜ ಎರಡನ್ನೂ ಯಾವತ್ತೋ ದಾಟಿದ್ದ. ಅವನೇ ಡಿಸಿ ಆಫೀಸಿನಲ್ಲಿ ಕೂತು "ಇವನಿಗೆ ಕೊಡ್ರಿ" ಅಂದಿದ್ರೆ ಮುಗೀತಿತ್ತು. ಅಷ್ಟು ವರ್ಷ ಟೈಮ್ ಇತ್ತು. ಯಾರಿಗೂ ಗೊತ್ತಿರಲಿಲ್ಲ, ಗೊತ್ತಿದ್ರೂ "ಈಗ್ಯಾಕ ಆ ಮಾತು, ಅಜ್ಜ ಏನ್ ತಿಳ್ಕೋತಾನೋ" ಅಂತ ಸುಮ್ಮನಿರ್ತಿದ್ವೇನೋ. ನಿಮ್ಮ ಅಜ್ಜ ಇದ್ರೆ ಈ ಎಪಿಸೋಡ್ ಅವರ ಜೊತೆ ಕೂತು ಕೇಳ್ರಿ.

ಯಾರ ಹೆಸರಿಗೆ ಅನ್ನೋದು ಮುಂದಿನ ಗದ್ದಲ. ಸಣ್ಣ ಮಾಮಾ ಇರೋದು ಟಿಳಕವಾಡಿಯಲ್ಲಿ. ಬೆಳಗಾವಿ ಸಿಟಿಗೆ ಪೊಲೀಸ್ ಕಮಿಷನರೇಟ್ ಇರೋದರಿಂದ ಅಲ್ಲಿ ಲೈಸೆನ್ಸ್ ಕೊಡೋರು ಕಮಿಷನರ್. ದೊಡ್ಡ ಮಾಮಾ ಇರೋದು ಊರಲ್ಲಿ, ಅಲ್ಲಿಗೆ ಜಿಲ್ಲಾಧಿಕಾರಿ. ದೊಡ್ಡ ಮಾಮಾನ ಹತ್ತಿರ ಬೆಳೆ ಕಾಯೋಕೆ ಆಗಲೇ ಒಂದು ಬಂದೂಕಿದೆ. 2019ರ ತನಕ ಒಬ್ಬರಿಗೆ ಮೂರು ಇಟ್ಟುಕೊಳ್ಳಬಹುದಿತ್ತು, ಈಗ ಎರಡೇ, ಪಿತ್ರಾರ್ಜಿತ ಅಂದ್ರೂ ಎರಡೇ. ಲೆಕ್ಕಕ್ಕೆ ಸರಿಹೋಯ್ತು, ಅವನೇ ಅರ್ಜಿ ಹಾಕಿದ. ಆರೋಗ್ಯ ಪ್ರಮಾಣಪತ್ರ, ಆಯುಧ ಸುರಕ್ಷತೆಯ ತರಬೇತಿ ಪ್ರಮಾಣಪತ್ರ, ಮನೆಯಲ್ಲಿ ಭದ್ರವಾಗಿ ಇಡ್ತೀನಿ ಅನ್ನೋ ಮುಚ್ಚಳಿಕೆ. ಸಿನಿಮಾದ ಹಾಗೆ ಪಡಸಾಲೆ ಗೋಡೆಗೆ ತೂಗು ಹಾಕೋ ಕಾಲ ಹೋಯ್ತು.

ಆಮೇಲೆ ವಂಶಾವಳಿ ಕೇಳಿದ್ರು. ಅದರಲ್ಲಿ ಮೂರು ಹೆಸರು. ಇಬ್ಬರು ಮಾಮಾಗಳು, ಮತ್ತೆ ನಮ್ಮ ಅವ್ವ. ಉಳಿದ ವಾರಸುದಾರರು ತಕರಾರಿಲ್ಲ ಅಂತ ಬರೆದುಕೊಡಬೇಕು. ಇಷ್ಟು ದಿನ ರೈಫಲ್ ಬಗ್ಗೆ ಎಲ್ಲರೂ ಮಾತಾಡಿದ್ರು, ಅವ್ವನನ್ನ ಯಾರೂ ಒಂದು ಮಾತೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಬಂದೂಕು ಅಂದ್ರೆ ಗಂಡುಮಕ್ಕಳ ಸಾಮಾನು ಅಂತ ತಲೆಯೊಳಗೆ ಕೂತುಬಿಟ್ಟಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ, ವಿಲ್ ಬರೆಯದೆ ತೀರಿದ ಅಪ್ಪನ ಸ್ವಂತ ಗಳಿಕೆಯಲ್ಲಿ ಮಗಳಿಗೆ ಮಗನಷ್ಟೇ ಪಾಲು. ಬಂದೂಕೂ ಆಸ್ತಿಯೇ. ಕಾಗದ ಹಿಡಕೊಂಡು ಮಾಮಾ ನಮ್ಮ ಮನೆಗೆ ಬಂದ. ಅವ್ವ ಓದಿದಳು, ಕನ್ನಡಕ ತೆಗೆದಳು. "ಸಹಿ ಮಾಡ್ತೀನಿ. ಆದ್ರ ಅದನ್ನ ತಿಕ್ಕಿಸಬ್ಯಾಡ" ಅಂದಳು.

ಯಾಕಂದ್ರ ಮಾಮಾನ ಪ್ಲಾನ್ ಅದೇ ಆಗಿತ್ತು. ಜಂಗು ಇರೋ ಜಾಗ ಪಾಲಿಶ್ ಪೇಪರ್ ಹಚ್ಚಿ ತಿಕ್ಕಿಸೋದು, ಕಪ್ಪು ಬಣ್ಣ ಹೊಸದಾಗಿ ಹಾಕಿಸೋದು, ಕಟ್ಟಿಗೆಗೆ ಬಡಿಗ್ಯಾರ ಕಡೆ ವಾರ್ನಿಶ್. ಹೊಸದರ ಹಾಗೆ ಮಾಡಿದ್ರೆ ರೇಟ್ ಜಾಸ್ತಿ ಬರುತ್ತೆ ಅಂತ. ಸೆಕೆಂಡ್ ಹ್ಯಾಂಡ್ ಬೈಕ್‌ಗೆ ನಾವು ಮಾಡೋದು ಅದನ್ನೇ ತಾನೆ.

ಡೀಲರ್ ಹೇಳಿದ್ದು ಬೇರೆ. ಹಳೇ ಬಂದೂಕು ಕೊಳ್ಳೋನು ಮೊದಲು ನೋಡೋದು ಮೂಲದ ಮೈ ಉಳಿದಿದೆಯಾ ಅಂತ. ಫ್ಯಾಕ್ಟರಿ ಬಣ್ಣ ಅಲ್ಲಲ್ಲಿ ಬೆಳ್ಳಗಾಗಿದ್ರೂ ಅದು ಹೊಸ ಬಣ್ಣಕ್ಕಿಂತ ಮೇಲು. ತಿಕ್ಕಿದ್ರೆ ಅಕ್ಷರದ ಅಂಚು ಕರಗುತ್ತೆ, ಹಿಡಿಯೋ ಜಾಗದ ಗೀರುಗೆರೆ ಅಳಿಸುತ್ತೆ. ನಳಿಗೆಯ ಬುಡದಲ್ಲಿ ಕಿರೀಟದ ಕೆಳಗೆ ಸಣ್ಣ ಅಕ್ಷರಗಳು ಇರ್ತಾವೆ, ಅವು ಬರ್ಮಿಂಗ್‌ಹ್ಯಾಮ್‌ನ ಪ್ರೂಫ್ ಹೌಸ್‌ನ ಮುದ್ರೆ. 1813ರಿಂದ ಅಲ್ಲಿ ಪ್ರತಿ ನಳಿಗೆಯನ್ನ ಜಾಸ್ತಿ ಒತ್ತಡದ ಕಾಡತೂಸು ಹಾರಿಸಿ ಪರೀಕ್ಷೆ ಮಾಡಿ ಮುದ್ರೆ ಹೊಡೀತಾರೆ. ಮುದ್ರೆಯ ರೂಪ ಕಾಲಕಾಲಕ್ಕೆ ಬದಲಾಗಿರೋದರಿಂದ ಬಂದೂಕಿನ ವಯಸ್ಸು ಅಂದಾಜು ಮಾಡೋದು ಅದರಿಂದಲೇ. ನಮ್ಮ ಬಂಗಾರಕ್ಕೆ ಹಾಲ್‌ಮಾರ್ಕ್ ಇದ್ದಹಾಗೆ. ಹಾಲ್‌ಮಾರ್ಕ್ ತಿಕ್ಕಿ ಅಳಿಸಿ ಬಂಗಾರ ಮಾರೋಕೆ ಯಾರಾದ್ರೂ ಹೋಗ್ತಾರಾ?

ಇನ್ನೊಂದು ದೊಡ್ಡ ಅಪಾಯ ನಂಬರ್. ಬಂದೂಕಿನ ನಂಬರ್ ಅಳಿಸೋದು 8ನೇ ಕಲಮಿನ ಪ್ರಕಾರ ಅಪರಾಧ, ನಂಬರ್ ಇಲ್ಲದ್ದನ್ನ ಮಾರೋದೂ ಅಪರಾಧ. ಬಡಿಗ್ಯಾರ ಪಾಲಿಶ್ ಪೇಪರ್‌ಗೆ ಇದೆಲ್ಲ ಗೊತ್ತಾಗೂದಿಲ್ಲ. ರಿಪೇರಿ ಮಾಡೋದಕ್ಕೂ ಲೈಸೆನ್ಸ್ ಬೇಕು, ಹಾಗಾಗಿ ವೆಲ್ಡಿಂಗ್ ಅಂಗಡಿಗೆ ಒಯ್ಯೋ ಮಾತೇ ಇಲ್ಲ.

ಹಾಗಾದ್ರೆ ಬೆಲೆ? ನಾನು ಬಿ.ಕಾಂ. ಓದಿದವ, ಸಪ್ಲೈ ಡಿಮಾಂಡ್ ಬಿಟ್ಟು ಬೇರೆ ಬರೂದಿಲ್ಲ. ಸಪ್ಲೈ: 1980ರ ದಶಕದಿಂದ ವಿದೇಶಿ ಬಂದೂಕು ಅಂಗಡಿಗೆ ಸುಲಭವಾಗಿ ಬರೋದು ನಿಂತಿತು, ಹಾಗಾಗಿ ಇರೋದಕ್ಕೆ ಮರ್ಯಾದೆ ಹೆಚ್ಚು. ಡಿಮಾಂಡ್: ಕೊಳ್ಳೋಕೆ ದುಡ್ಡಿದ್ರೆ ಸಾಲದು, ಲೈಸೆನ್ಸ್ ಬೇಕು, ಅದರಲ್ಲೂ ಜಾಗ ಖಾಲಿ ಇರಬೇಕು. ಮೂರು ಎರಡಾದಾಗ ಡಿಮಾಂಡ್ ಇನ್ನೂ ಸಣ್ಣದಾಯ್ತು. ಕೊಳ್ಳೋನು ಸಿಕ್ಕರೂ, ಅವರ ಹೆಸರು ವಿಳಾಸ ಬರೆದು ಜಿಲ್ಲಾಧಿಕಾರಿಗೋ ಸ್ಟೇಷನ್‌ಗೋ ಮೊದಲೇ ಕೊಟ್ಟು 45 ದಿನ ಕಾಯಬೇಕು. ಯೂಟ್ಯೂಬ್‌ನ ಕೋಟಿ ರೂಪಾಯಿಯ ಕತೆ ಲಂಡನ್ ಹರಾಜಿನದು, ಮಹಾರಾಜರಿಗೆ ಅಂತಲೇ ಕೈಯಲ್ಲಿ ಮಾಡಿದ ಬಂದೂಕುಗಳದು. ನಿಮ್ಮದು ಅಂಥದ್ದೇ ಆದ್ರೂ ಅಲ್ಲಿಗೆ ಹೋಗೋ ದಾರಿ ಇಲ್ಲ. ನೂರು ವರ್ಷ ದಾಟಿದ ಐತಿಹಾಸಿಕ ವಸ್ತುವಾದ್ರೆ 1972ರ ಪುರಾವಸ್ತು ಕಾಯ್ದೆ ಖಾಸಗಿಯವರು ಹೊರಗೆ ಕಳಿಸೋಕೆ ಬಿಡೂದಿಲ್ಲ.

ಇನ್ನು ಕಾಡತೂಸು. ಎಂಥಾ ಇಂಗ್ಲಿಷ್ ರೈಫಲ್ ಆದ್ರೂ ಅದರ ಕಾಡತೂಸು ಇಲ್ಲಿ ಸಿಗದಿದ್ರೆ ಅದು ಚಾರ್ಜರ್ ಸಿಗದ ಫೋನ್. ಪಾಯಿಂಟ್ 315 ನಮ್ಮ ಸರ್ಕಾರಿ ಆರ್ಡ್‌ನೆನ್ಸ್ ಫ್ಯಾಕ್ಟರಿಯವರೇ ಮಾಡ್ತಾರೆ, ಅದೊಂದು ನಮ್ಮ ಪುಣ್ಯ.

ಈಗ ಆ ಮುಂಬಯಿ ಸರ್ಕಾರದ ರದ್ದಿ ಕಾಗದ. ತೇಜಸ್ವಿಯವರ 'ಕಾಡಿನ ಕತೆಗಳು' ಓದಿದವರಿಗೆ ಕೆನೆತ್ ಆಂಡರ್ಸನ್ ಗೊತ್ತು, ಹಾಗೇ ಜಿಮ್ ಕಾರ್ಬೆಟ್ ಗೊತ್ತಿರ್ತಾನೆ. 1907ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನ ಹೊಡೆದದ್ದಕ್ಕೆ ಕಾರ್ಬೆಟ್‌ಗೆ ಒಂದು ರಿಗ್ಬಿ ರೈಫಲ್ ಉಡುಗೊರೆ ಸಿಕ್ಕಿತ್ತು. ಅಂಥ ರೈಫಲ್ ರಿಗ್ಬಿ ಕಂಪನಿ ಎಷ್ಟೋ ಮಾಡಿದೆ. ಆದರೆ ಅದರ ಕಟ್ಟಿಗೆಯ ಮೇಲೆ ಈ ಕತೆ ಕೆತ್ತಿದ ಸಣ್ಣ ಬೆಳ್ಳಿ ಫಲಕ ಇದೆ. 2015ರಲ್ಲಿ ಕಂಪನಿ ತಾನು ಮಾಡಿದ ರೈಫಲನ್ನ ತಾನೇ ವಾಪಸ್ ತಗೊಂಡಿತು. ನಮ್ಮ ಅಜ್ಜ ಕಾರ್ಬೆಟ್ ಅಲ್ಲ. ಆದ್ರೂ 1955ರಿಂದ ಒಂದೇ ಕೈಯಲ್ಲಿತ್ತು ಅಂತ ತೋರಿಸೋ ಲೈಸೆನ್ಸ್, ರಿನ್ಯೂವಲ್ ಮುದ್ರೆಗಳು, ಕಾಂಟ್ರ್ಯಾಕ್ಟರ್ ಬರೆದುಕೊಟ್ಟ ಚೀಟಿ, ಇವು ಇರೋ ರೈಫಲ್‌ಗೂ ಇಲ್ಲದ್ದಕ್ಕೂ ಬೆಲೆಯಲ್ಲಿ ವ್ಯತ್ಯಾಸ ಇದೆ ಅಂತ ಡೀಲರ್ ಹೇಳಿದ ದಿನ ನಾನು ಮನೆಗೆ ಬಂದು ಆ ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿದೆ. ಲ್ಯಾಮಿನೇಶನ್ ಮಾಡಿಸಿಲ್ಲ, ಮಾಡಿಸಬ್ಯಾಡ್ರಿ, ಅದರ ಶಾಖ, ಅಂಟು ಹಳೇ ಕಾಗದಕ್ಕೆ ಒಳ್ಳೇದಲ್ಲ.

ಲೈಸೆನ್ಸ್ ಇರೋ ಮನೆಗಳಿಗೆ ಒಂದೆರಡು ಮಾತು. ಮೊದಲು ಖಾಲಿ ಇದೆಯಾ ನೋಡ್ರಿ, ಪ್ರತಿ ಸಲ. ಕೊಬ್ಬರಿ ಎಣ್ಣೆ ಹಚ್ಚಬ್ಯಾಡ್ರಿ, ಅಡುಗೆ ಎಣ್ಣೆಗಳೆಲ್ಲ ಕೆಲವೇ ತಿಂಗಳಲ್ಲಿ ಅಂಟಂಟಾಗಿ ಕೊಳೆ ಹಿಡೀತಾವೆ. ಹೊಲಿಗೆ ಮಷೀನ್ ಎಣ್ಣೆ ತೆಳ್ಳಗೆ ಸಾಕು. ಬೆರಳಿನ ಬೆವರಲ್ಲೂ ಉಪ್ಪಿರುತ್ತೆ, ಮುಟ್ಟಿದ ಮೇಲೆ ಒರೆಸಲೇಬೇಕು. ಕಟ್ಟಿಗೆಗೆ ಅಗಸಿ ಎಣ್ಣೆ. ಚಟ್ನಿ ಪುಡಿ ಮಾಡೋ ಅದೇ ಅಗಸಿ, ಇಂಗ್ಲಿಷರೂ ಅಖ್ರೋಟ್ ಕಟ್ಟಿಗೆಗೆ ಹಚ್ಚುತ್ತಿದ್ದದ್ದು ಅದನ್ನೇ. ನಾಲ್ಕು ಹನಿ, ಅಂಗೈಯಿಂದ ತಿಕ್ಕಿ. ಕಪಾಟಿನಲ್ಲಿ ಸಿಲಿಕಾ ಜೆಲ್ ಇಟ್ಟು ಮಳೆಗಾಲದಲ್ಲಿ ಬದಲಿಸ್ತಾ ಇರ್ರಿ. ಅಟ್ಟ ಬ್ಯಾಡವೇ ಬ್ಯಾಡ.

ಮತ್ತೆ ಗೋಡೆ ಕಡೆ ಒಂದು ಸಲ ನೋಡ್ರಿ. ಬಂದೂಕು ಇರೋ ಮನೆಯಲ್ಲಿ ಕಡವೆ ಕೊಂಬೂ ಇರುತ್ತೆ. ಅದಕ್ಕೆ ಅರಣ್ಯ ಇಲಾಖೆಯ ಮಾಲೀಕತ್ವದ ಪ್ರಮಾಣಪತ್ರ ಬೇಕು, ಇದ್ರೂ ಮಾರೋ ಹಾಗಿಲ್ಲ. 2023ರಲ್ಲಿ ಒಂದು ರಿಯಾಲಿಟಿ ಶೋನಲ್ಲಿ ಹುಲಿ ಉಗುರು ಕಾಣಿಸಿ ಏನೇನಾಯ್ತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಕೊಡಗಿನ ದೋಸ್ತ್ ಒಬ್ಬ ನಗ್ತಾನೆ, "ನಮಗೆ ಇದ್ಯಾವ ತಲೆನೋವೂ ಇಲ್ಲ ಮಾರಾಯ" ಅಂತ. ಕೊಡವರಿಗೂ ಜಮ್ಮಾ ಭೂಮಿ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸ್‌ನಿಂದ ವಿನಾಯಿತಿ ಇದೆ, 2021ರಲ್ಲಿ ಹೈಕೋರ್ಟ್ ಕೂಡ ಅದನ್ನ ಎತ್ತಿಹಿಡೀತು. ಆದ್ರೆ ಅವರಿಗೂ ವಿನಾಯಿತಿ ಪತ್ರ ಅಂತ ಒಂದು ಕಾಗದ ಇದ್ದೇ ಇದೆ. ಜಾಂಬೋಟಿಗಂತೂ ವಿನಾಯಿತಿ ಇಲ್ಲ.

ಮಾಮಾನ ಅರ್ಜಿ ಇನ್ನೂ ಓಡಾಡ್ತಾ ಇದೆ. ಪೊಲೀಸ್ ವೆರಿಫಿಕೇಶನ್ ಆಗಿದೆ. ಜಂಗು ಇದ್ದ ಜಾಗವನ್ನ ಡೀಲರ್ ಕಡೆಯ ಗನ್‌ಸ್ಮಿತ್ ಎಣ್ಣೆ ಹಾಕಿ ನೆನೆಸಿ, ಸಾವಕಾಶ ತೆಗೆದು ಅಲ್ಲಿಗೆ ನಿಲ್ಲಿಸಿದ್ದಾನೆ. ಗುಳಿಗಳು ಹಾಗೇ ಇವೆ, ಅವು ಹೋಗೂದಿಲ್ಲ. ಬೋಲ್ಟ್ ಹತ್ತಿರ ಎರಡು ಕಪ್ಪು ಚುಕ್ಕೆ ಬೇರೆ ಇವೆ. ಅವು ಹಳೇವು, ವರ್ಷ ವರ್ಷ ಖಂಡೆ ಪೂಜೆಯಲ್ಲಿ ಅಜ್ಜಿ ಹಸಿ ಕುಂಕುಮ ಹಚ್ಚುತ್ತಿದ್ದ ಜಾಗ. ಡೀಲರ್ ಲೆಕ್ಕದಲ್ಲಿ ಅದೂ ಡ್ಯಾಮೇಜ್.

ಹೋದ ವಾರ ಅವ್ವನೂ ನನ್ನ ಜೊತೆ ಅಂಗಡಿಗೆ ಬಂದಿದ್ದಳು. ಅವರು ಒಳಗಿಂದ ತಂದು ಟೇಬಲ್ ಮೇಲೆ ಇಟ್ಟರು. ಅವ್ವ ಆ ಎರಡು ಚುಕ್ಕೆಯ ಮೇಲೆ ಬೆರಳಿಟ್ಟಳು, ಆಮೇಲೆ ನಾನು ಹೇಳಿಕೊಟ್ಟಹಾಗೆ ಸೆರಗಿನಿಂದ ಒರೆಸಿದಳು. ಹೊರಡುವಾಗ ಡೀಲರ್‌ಗೆ ಕೇಳಿದಳು, "ನೀರ ಕಾಸಿ ಹಾಕ್ತೀರಿಲ್ಲೋ ಇದಕ್ಕ?"

"ಹೊಡದ್ರ ಹಾಕೂದ್ರಿ ಅಕ್ಕಾರ" ಅಂದ್ರು ಅವರು. "ಇದನ್ನ ಹೊಡದು ಎಷ್ಟು ವರ್ಷ ಆಗೇತೋ ಏನೋ."

ಲೈಸೆನ್ಸ್ ಬಂದ ಮೇಲೆ ಏನಾಯ್ತು ಅಂತ ಹೇಳ್ತೀನಿ. ಖಾನಾಪುರದ ತಮ್ಮಾ, ನಿನ್ನ ಅಜ್ಜ ಇದ್ದಾರೋ ಇಲ್ಲೋ ಅಂತ ನೀನು ಹೇಳಲೇ ಇಲ್ಲ. ಇನ್ನೊಂದು ವಾಯ್ಸ್ ಮೆಸೇಜ್ ಕಳಿಸು. ಬರ್ತೀನ್ರಿ.